ಹೊಲದಿಂದ ಬಂದವರು

ಶುಭ ಶುಕ್ರವಾರದ ಮಧ್ಯಾಹ್ನ ನಮ್ಮೂರಿನಲ್ಲಿ ಯೇಸುಸ್ವಾಮಿಯ ಪಾಡಿನ ಆಟ ನಡೆಯುತ್ತದೆ. ಅವರು ಶಿಲುಬೆ ಹೊತ್ತದ್ದು, ಬಿದ್ದದ್ದು, ಎದ್ದದ್ದು, ಪ್ರಾಣ ಬಿಟ್ಟದ್ದು, ಎಲ್ಲವನ್ನೂ ಊರಿನವರೇ ಆಡಿ ತೋರಿಸುತ್ತಾರೆ. ಸ್ಟೇಜು, ಪರದೆ ಯಾವುದೂ ಇಲ್ಲ. ಗುಡಿಯ ಮುಂದಿನ ಬಯಲಿನಲ್ಲಿ ಶುರುವಾದ ಆಟ ಬೀದಿಯಲ್ಲಿ ನಡೆದುಕೊಂಡೇ ಹೋಗಿ ಊರ ಹಿಂದಿನ ಬಂಡೆಯ ನೆತ್ತಿಯಲ್ಲಿ ಮುಗಿಯುತ್ತದೆ. ಗುಡಿ ಅಂದರೆ ಚರ್ಚು. ನಾವು ಹಳ್ಳಿಯ ಕನ್ನಡ ಕ್ರೈಸ್ತರು ಹಿಂದಿನಿಂದಲೂ ಹಾಗೇ ಅನ್ನುವುದು, ಪೇಟೆಯವರು ನಕ್ಕರೆ ನಗಲಿ. ಆ ಆಟದಲ್ಲಿ ನಮ್ಮ ಮನೆಗೆ ಒಂದು ಪಾರ್ಟು ಮೀಸಲು.

ದೊಡ್ಡ ಪಾರ್ಟೇನಲ್ಲ. ಯೇಸುಸ್ವಾಮಿ ಶಿಲುಬೆಯ ಕೆಳಗೆ ಕುಸಿದಾಗ ಸೈನಿಕರು ಅತ್ತಿತ್ತ ನೋಡಿ, ಹೊಲದಿಂದ ಮನೆಕಡೆ ಹೊರಟಿದ್ದ ಒಬ್ಬ ದಾರಿಹೋಕನನ್ನು ಹಿಡಿದು ಅವನ ಹೆಗಲಿಗೆ ಶಿಲುಬೆ ಹೊರಿಸುತ್ತಾರೆ. ಆ ದಾರಿಹೋಕನ ಪಾರ್ಟು ನಮ್ಮದು. ಒಂದು ಮಾತಿಲ್ಲ, ಒಂದು ಹಾಡಿಲ್ಲ, ಮಿಂಚುವ ಬಟ್ಟೆಯಿಲ್ಲ. ಮುತ್ತಾತ ಮಾಡಿದ, ತಾತ ಮಾಡಿದ, ಅಪ್ಪ ಮಾಡಿದ. ಊರಲ್ಲಿ ನಮ್ಮ ಮನೆಗೆ ‘ಹೊಲದಿಂದ ಬಂದವನ ಮನೆ’ ಎಂದೇ ಹೆಸರು. ಊರೆಲ್ಲ ದಿನಾ ಹೊಲದಿಂದಲೇ ಬರುತ್ತಿತ್ತು, ಆದರೆ ಹೆಸರು ಮಾತ್ರ ನಮಗೆ ಅಂಟಿಕೊಂಡಿತು.

ಪಾರ್ಟು ನಮಗೆ ಬಂದದ್ದೇ ಒಂದು ಎಡವಟ್ಟಿನಿಂದ. ಮುತ್ತಾತ ಸೋಲೂರಿನ ಕಡೆಯವನು. ಈ ಊರಿಗೆ ಮನೆ ಅಳಿಯನಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಇಲ್ಲಿನ ಆಟವನ್ನು ಕಣ್ಣಿಂದ ಕಂಡಿರಲಿಲ್ಲ. ಆವತ್ತು ದಾರಿಹೋಕನಾಗಬೇಕಿದ್ದ ಮನುಷ್ಯ ನಾಪತ್ತೆ. ಎಲ್ಲಿಗೆ ಹೋಗಿದ್ದ ಎಂಬುದಕ್ಕೆ ಊರಲ್ಲಿ ಬಗೆಬಗೆಯ ಕಥೆಗಳಿವೆ, ಎಲ್ಲದರಲ್ಲೂ ಹೆಂಡ ಇದೆ. ಸೈನಿಕರ ವೇಷದವರು ಕಕ್ಕಾಬಿಕ್ಕಿಯಾಗಿ ನಿಂತಿರುವಾಗ ಮುತ್ತಾತ ನಿಜವಾಗಿಯೂ ಹೊಲದಿಂದ ಬಂದ, ಕಾಲಿಗೆಲ್ಲ ಕೆಸರು, ಹೆಗಲ ಮೇಲೆ ಗುದ್ದಲಿ. ಅವನನ್ನೇ ಹಿಡಿದರು. ಅದು ಆಟ ಎಂದು ಅವನಿಗೆ ತಿಳಿಯಲಿಲ್ಲ. ಯಾರೋ ಒಬ್ಬರು ಭಾರ ತಡೆಯಲಾರದೆ ಬಿದ್ದಿದ್ದಾರೆ ಎಂದುಕೊಂಡು ಗುದ್ದಲಿ ಕೆಳಗಿಟ್ಟು ಶಿಲುಬೆಗೆ ಹೆಗಲು ಕೊಟ್ಟ. ಬೀದಿಯ ಕೊನೆಯಲ್ಲಿ ಯೇಸುಸ್ವಾಮಿಯ ವೇಷದವರು ‘ಸಾಕು, ಇನ್ನು ಕೊಡು’ ಅಂದರೆ ಕೊಡಲೇ ಇಲ್ಲ. ‘ಹೊತ್ತಿದ್ದನ್ನ ಅರ್ಧಕ್ಕೆ ಇಳಿಸೋದುಂಟಾ?’ ಎಂದು ಬೈದು ಬಂಡೆಯ ನೆತ್ತಿಯವರೆಗೂ ಹೊತ್ತುಕೊಂಡೇ ಹೋದನಂತೆ. ಆವತ್ತಿನಿಂದ ನಮ್ಮೂರಿನ ಆಟದಲ್ಲಿ ಹೊಲದಿಂದ ಬಂದವನು ಅರ್ಧದಲ್ಲಿ ಇಳಿಸುವುದಿಲ್ಲ. ಬೇರೆ ಊರುಗಳಲ್ಲಿ ಹೇಗೋ ನನಗೆ ಗೊತ್ತಿಲ್ಲ. ಗುಡಿಯ ಗುರುಗಳು, ಅಂದರೆ ಪಾದ್ರಿಗಳು, ಬದಲಾದಾಗಲೆಲ್ಲ ಹೊಸಬರು ಬಂದು ‘ಹಾಗಲ್ಲ ಅದು’ ಎಂದು ತಿದ್ದಲು ನೋಡುತ್ತಾರೆ, ಆಮೇಲೆ ಅವರೂ ನಮ್ಮ ದಾರಿಗೆ ಬರುತ್ತಾರೆ.

ಸುವಾರ್ತೆಯಲ್ಲಿ, ಅಂದರೆ ಬೈಬಲ್ಲಿನ ಯೇಸುಸ್ವಾಮಿಯ ಕಥೆಯಲ್ಲಿ, ಆ ದಾರಿಹೋಕನ ವಿಚಾರ ಒಂದು ಉಸಿರಿನಷ್ಟೂ ಇಲ್ಲ. ಊರಾಚೆಯಿಂದ ಬರುತ್ತಿದ್ದ, ಇಂಥ ಇಬ್ಬರಿಗೆ ತಂದೆ. ಅಷ್ಟು ಬಿಟ್ಟರೆ ಅವನಿಗೆ ಎಷ್ಟು ಜಮೀನಿತ್ತು, ಎಂಥ ಮನೆಯಿತ್ತು ಎಂದು ಬರೆಯುವ ಗೋಜಿಗೇ ಯಾರೂ ಹೋಗಿಲ್ಲ. ಇಬ್ಬರ ತಂದೆ ಎಂದು ಇದೆಯಲ್ಲ, ಅದಕ್ಕಾಗಿ ನಮ್ಮೂರಲ್ಲಿ ಇನ್ನೊಂದು ಕಟ್ಟಳೆ ಮಾಡಿಕೊಂಡಿದ್ದರು. ಶಿಲುಬೆ ಹೊತ್ತವನ ಸೊಂಟಕ್ಕೆ ಒಂದು ಟವಲು ಸುತ್ತಿ, ಅದರ ತುದಿ ಹಿಡಿದುಕೊಂಡು ಇಬ್ಬರು ಮಕ್ಕಳು ಹಿಂದೆ ನಡೆಯಬೇಕು. ಮೊದಲೆಲ್ಲ ಗಂಡುಹುಡುಗರೇ ನಡೆಯುತ್ತಿದ್ದರು. ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ಎರವಲು ತರುತ್ತಿದ್ದರು, ಒನಕೆ ಜರಡಿ ತರುವ ಹಾಗೆ.

ನಮ್ಮಪ್ಪನಿಗೆ ನಾವಿಬ್ಬರೇ. ನಾನು, ನನ್ನ ತಂಗಿ. ನಮಗೆ ನಡೆಯುವಷ್ಟು ಕಾಲು ಬಂದ ವರ್ಷ ದೊಡ್ಡಪ್ಪ ಅಪ್ಪನ ಹತ್ತಿರ ಬಂದು, “ಯಾರ್ ಮನೇಲಾದ್ರೂ ಎರಡು ಗಂಡೈಕ್ಳ ಕೇಳ್ಲಾ” ಎಂದರು. ದೊಡ್ಡಪ್ಪ ಅಂದರೆ ಅಪ್ಪನಿಗೆ ವರಸೆಯಲ್ಲಿ ಅಣ್ಣ, ಆಟದಲ್ಲಿ ಮೈಕು ಹಿಡಿದು ಕಥೆ ಓದುವವರು, ಊರಿನ ಹಿರಿಯರು. ಅಪ್ಪ ಹೇಳಿದ, “ಮಕ್ಳು ಅಂತ ತಾನೆ ಅಣ್ಣಯ್ಯ ಇರೋದು? ನಂಗೆ ಎರಡವೆ. ಎರವಲು ಯಾಕೆ?”

ಮಕ್ಕಳು ಎಂಬ ಮಾತಿನಲ್ಲಿ ಗಂಡು ಎಲ್ಲಿದೆ, ಹೆಣ್ಣು ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಹಾಗೆ ನಾವು ಅಪ್ಪನ ಹಿಂದೆ ಟವಲಿನ ತುದಿ ಹಿಡಿದು ನಡೆದೆವು, ಪ್ರತಿ ವರ್ಷ, ಲಂಗ ದಾವಣಿಗೆ ಬರುವವರೆಗೂ. ಬಿಸಿಲಲ್ಲಿ ಅವನ ಬೆನ್ನು ಬೆವರುತ್ತಿತ್ತು, ಕಾಲಿನ ನರಗಳು ಎದ್ದು ನಿಲ್ಲುತ್ತಿದ್ದವು. ಹೆಗಲು ಒತ್ತದ ಹಾಗೆ ಇನ್ನೊಂದು ಟವಲನ್ನು ಸಿಂಬೆ ಸುತ್ತಿ ಇಟ್ಟುಕೊಳ್ಳುತ್ತಿದ್ದ. ಅಪ್ಪ ಎಂದರೆ ನನಗೆ ಮೊದಲು ನೆನಪಾಗುವುದು ಮುಖವಲ್ಲ, ಆ ಬೆನ್ನು.

ನೋಡಿ, ದೊಡ್ಡಪ್ಪನಿಗೆ ನಾನು ಬಹುವಚನ ಕೊಡುತ್ತಿದ್ದೇನೆ, ಅಪ್ಪನಿಗೆ ಕೊಡುತ್ತಿಲ್ಲ. ನಮ್ಮ ಕಡೆ ಹಾಗೇ. ತೀರ ಹತ್ತಿರದವರಿಗೆ ಅದರ ಅಗತ್ಯ ಬೀಳುವುದಿಲ್ಲ.

ದೊಡ್ಡಪ್ಪನ ಬಾಯಲ್ಲಿ ಒಂದು ಪ್ರಶ್ನೆ ಯಾವಾಗಲೂ ತಯಾರಿರುತ್ತಿತ್ತು. ನಾವು ಎದುರಿಗೆ ಬಂದರೆ ಸಾಕು, ನಮ್ಮನ್ನು ನೋಡಿ ಅಪ್ಪನನ್ನು ಕೇಳುವರು. “ಏನ್ಲಾ ಮಡಗಿದ್ದೀಯ, ಈ ಹೆಣ್ಣೈಕ್ಳಿಗೆ?” ಕೆಟ್ಟ ಮನಸ್ಸಿನಿಂದ ಕೇಳುತ್ತಿರಲಿಲ್ಲ. ಅವರಿಗೆ ಅದು ಊಟ ಆಯಿತಾ ಎಂದು ಕೇಳಿದ ಹಾಗೆ. ಅಪ್ಪ ನಗುತ್ತಾ, “ಮಡಗಿದ್ದೀನಿ ಬುಡಣ್ಣಯ್ಯ” ಅನ್ನುವನು.

ಮಡಗಿದ್ದೀನಿ ಎಂದರೆ ಎಲ್ಲೋ ಇಟ್ಟಿದ್ದಾನೆ ಎಂದೇ ನಾವು ತಿಳಿದೆವು. ಅಪ್ಪ ಹೊಲಕ್ಕೆ, ಅವ್ವ ನೀರಿಗೆ ಹೋದಾಗ ನಾನೂ ತಂಗಿಯೂ ಸೇರಿ ಮನೆಯೆಲ್ಲ ಜಾಲಾಡಿದೆವು. ಅಟ್ಟ ಹತ್ತಿದೆವು, ರೇಷ್ಮೆ ಹುಳದ ತಟ್ಟೆಗಳ ಹಿಂದೆ ಕೈ ಹಾಕಿದೆವು, ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ತಂಗಿಯನ್ನು ಇಳಿಸಿದೆ. ಅವಳು ರಾಗಿಯಲ್ಲಿ ಸೊಂಟದವರೆಗೂ ಹೂತುಕೊಂಡು ಅಳಲು ಶುರುಮಾಡಿದಳು. ಅವ್ವ ಬಂದು ಎಳೆದು ಹಾಕಿ, ಇಬ್ಬರಿಗೂ ಬೆನ್ನಿಗೆರಡು ಕೊಟ್ಟು, ಏನು ಹುಡುಕುತ್ತಿದ್ದಿರಿ ಎಂದಳು. ಅಪ್ಪ ಮಡಗಿದ್ದು ಎಂದೆವು. ಅವ್ವನಿಗೆ ನಗು ತಡೆಯಲಾಗಲಿಲ್ಲ. ಸಾಯಂಕಾಲ ಅಪ್ಪನಿಗೆ ಹೇಳಿದರೆ ಅವನು ನಗಲಿಲ್ಲ. “ಇಲ್ಲೇ ಐತೆ ಕಣವ್ವ. ಸಿಕ್ತದೆ” ಅಂದ. ನನಗೆ ಸಿಟ್ಟು ಬಂತು. ಹೇಳಿದರೆ ಇವನ ಗಂಟೇನು ಹೋಗುತ್ತಿತ್ತು?

ದಿನಾ ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ಜಪ. ಅಪ್ಪ ಮೊಣಕಾಲೂರಿ ಶುರುಮಾಡುವನು, ನಾವು ಹಿಂದಿನಿಂದ ಹೇಳುವೆವು. ತಂಗಿ ಅರ್ಧಕ್ಕೇ ತೂಕಡಿಸುವಳು, ಅವ್ವ ಒಲೆಯ ಕಡೆ ಒಂದು ಕಣ್ಣು ಇಟ್ಟಿರುವಳು. ಜಪ ಮುಗಿದಮೇಲೆ ನಾವು ಒಬ್ಬೊಬ್ಬರಾಗಿ ಅಪ್ಪನ ಮುಂದೆ ಹೋಗಿ ಕೈ ಮುಗಿದು “ಸ್ತೋತ್ರಪ್ಪ” ಅನ್ನಬೇಕು. ಅವನು ಹೆಬ್ಬೆರಳಿನಿಂದ ಹಣೆಯ ಮೇಲೆ ಶಿಲುಬೆ ಗುರುತು ಹಾಕುವನು. ಸೊಪ್ಪು ಕೊಯ್ದು ಕೊಯ್ದು ಆ ಹೆಬ್ಬೆರಳು ಅರದಂತೆ ಒರಟಾಗಿತ್ತು. ಎಷ್ಟೇ ಬೈದಿದ್ದರೂ, ಎಷ್ಟೇ ಜಗಳವಾಗಿದ್ದರೂ ಆ ಗುರುತು ತಪ್ಪುತ್ತಿರಲಿಲ್ಲ. ಅದಾಗದೆ ನಮಗೆ ನಿದ್ದೆ ಬರುತ್ತಿರಲಿಲ್ಲ.

ನಮ್ಮದು ಹಿಪ್ಪುನೇರಳೆ ಹೊಲ. ಶಾಲೆಗೆ ರಜೆ ಇದ್ದರೆ ನಾನೂ ತಂಗಿಯೂ ಸೊಪ್ಪಿನ ಹೊರೆ ತರಬೇಕು. ನಾನು ಕುಳ್ಳಿ, ಅವಳು ನನಗಿಂತ ಚಿಕ್ಕವಳಾದರೂ ತೆಂಗಿನ ಮರದ ಹಾಗೆ ಎದ್ದಿದ್ದಳು. ಉದ್ದನೆ ಕಡ್ಡಿಸೊಪ್ಪಿನ ಹೊರೆಯನ್ನು ಇಬ್ಬರೂ ಹೆಗಲ ಮೇಲೆ ಹೊತ್ತರೆ ಭಾರವೆಲ್ಲ ನನ್ನ ಮೇಲೆ ಜಾರುತ್ತಿತ್ತು, ದಾರಿಯುದ್ದಕ್ಕೂ ಜಗಳ. ಅಪ್ಪ ಒಂದು ದಿನ ನಮ್ಮನ್ನು ನಿಲ್ಲಿಸಿ ಹೇಳಿಕೊಟ್ಟ. “ಏರು ಹತ್ತೋವಾಗ ಭಾರ ಹಿಂದಿರೋರ್ ಮೇಲೆ ಬೀಳ್ತದೆ. ಅದ್ಕೆ ಎತ್ತರದೋಳು ಹಿಂದೆ ಇರು. ಮುಂದಿರೋಳು ದಾರಿ ನೋಡ್ಬೇಕು, ಹಿಂದಿರೋಳು ಭಾರ ನೋಡ್ಬೇಕು. ಒಬ್ರು ಕಾಲು ಎತ್ತಿದ್ರೆ ಇನ್ನೊಬ್ರೂ ಅದೇ ಕಾಲು. ಜಗಳ ಮನೆಗೋದ್ಮೇಲೆ ಆಡಿ.” ಹಾಗೇ ಮಾಡಿದೆವು. ಹೊರೆ ಹಗುರವಾಗಲಿಲ್ಲ, ಆದರೆ ಮನೆ ಮುಟ್ಟಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬಿಡದಿಯ ಫ್ಯಾಕ್ಟರಿಗಳು ನಮ್ಮ ಕಡೆ ಬರತೊಡಗಿದವು. ಮೊದಲು ಸರ್ವೆ ಮಾಡುವವರು ಬಂದು ಕಲ್ಲು ನೆಟ್ಟರು, ಆಮೇಲೆ ಜೆಸಿಬಿ ಬಂತು. ಹಿಪ್ಪುನೇರಳೆ ಇದ್ದ ಕಡೆ ತಂತಿ ಬೇಲಿ, ಬೇಲಿಯೊಳಗೆ ನೀಲಿ ತಗಡಿನ ಶೆಡ್ಡು. ನಮ್ಮ ಹೊಲವೂ ಹೋಯಿತು. ಪರಿಹಾರ ಬಂತು, ಇಲ್ಲವೆನ್ನುವುದಿಲ್ಲ. ಊರಿನವರು ಆರ್‌ಸಿಸಿ ಮನೆ ಕಟ್ಟಿದರು, ಬೈಕು ತಂದರು, ದೊಡ್ಡಪ್ಪನ ಮಗ ಸೈಟು ಮಾರಿಸುವ ಬಿಸಿನೆಸ್ಸಿಗೆ ಇಳಿದು ಬಿಳಿ ಶರ್ಟು ಹಾಕತೊಡಗಿದ. ಅಪ್ಪ ಮನೆಗೆ ತಾರಸಿ ಹಾಕಿಸಿದ, ಮಿಕ್ಕದ್ದರಲ್ಲಿ ನಮ್ಮಿಬ್ಬರನ್ನು ಓದಿಸಿದ. ನಾನು ರಾಮನಗರದಲ್ಲಿ ಪಿಯುಸಿ ಮುಗಿಸಿ ಬಿಡದಿಯಲ್ಲಿ ಕಾರುಗಳಿಗೆ ವೈರು ಕಟ್ಟುವ ಒಂದು ಕಂಪನಿಗೆ ಸೇರಿದೆ. ತಂಗಿ ಟೀಚರ್ ಟ್ರೇನಿಂಗಿಗೆ ಚನ್ನಪಟ್ಟಣಕ್ಕೆ ದಿನಾ ರೈಲಿನಲ್ಲಿ ಓಡಾಡಿದಳು.

ಅಪ್ಪ ಮಾತ್ರ ಯಾರೂ ಎಣಿಸದ ಒಂದು ಕೆಲಸ ಮಾಡಿದ. ನಮ್ಮ ಹೊಲದ ಮೇಲೆ ಎದ್ದ ಫ್ಯಾಕ್ಟರಿಗೆ ಹೋಗಿ ತೋಟದ ಮಾಲಿ ಕೆಲಸ ಕೇಳಿದ. ಕೊಟ್ಟರು. ತನ್ನದೇ ನೆಲದಲ್ಲಿ ಹುಲ್ಲಿಗೆ, ಕ್ರೋಟನ್ ಗಿಡಕ್ಕೆ ನೀರು ಬಿಡುವ ಕೆಲಸ. ಊರಲ್ಲಿ ಆಡಿಕೊಂಡರು. “ಯಜಮಾನ ಆಗಿದ್ದೋನು ಆಳಾದ್ನಲ್ಲ” ಎಂದರು. ನನಗೂ ಅವಮಾನವಾಗುತ್ತಿತ್ತು. ಅಪ್ಪನಿಗೆ ಅದೇನೂ ತಟ್ಟಲಿಲ್ಲ. “ಪಟ್ಟೆ ಖಾತೆ ಹೋಯ್ತು, ನೆಲ ಎಲ್ಗೋಯ್ತು? ಅಲ್ಲೇ ಐತೆ. ನೀರು ಬುಟ್ರೆ ಕುಡೀತದೆ” ಅಂದ. ಶುಭ ಶುಕ್ರವಾರ ಬಂದರೆ ಆ ಹುಲ್ಲಿಗೆ ನೀರು ಬಿಟ್ಟು, ಅದೇ ಕೆಸರು ಕಾಲಿನಲ್ಲಿ ಬಂದು ಶಿಲುಬೆ ಹೊರುತ್ತಿದ್ದ. ಹೊಲದಿಂದ ಬಂದವನು ಹೊಲದಿಂದಲೇ ಬರಬೇಕು ಎನ್ನುವ ಕಟ್ಟಳೆಯನ್ನು ಅವನು ಒಂದು ವರ್ಷವೂ ಬಿಡಲಿಲ್ಲ.

ಆಮೇಲೆ ಭುಜ ಹೋಯಿತು. ಮನೆಯ ಹಿತ್ತಲಲ್ಲಿ ನುಗ್ಗೆ ಮರ ಹತ್ತಿ ಬಿದ್ದು ಬಲ ಹೆಗಲಿನ ಮೂಳೆ ಮುರಿಯಿತು. ಕೂಡಿಕೊಂಡಿತು, ಆದರೆ ಡಾಕ್ಟರು ಇನ್ನು ಭಾರ ಹೊರುವ ಮಾತೇ ಬೇಡ ಎಂದರು. ಮಾಲಿ ಕೆಲಸದಲ್ಲಿ ಪೈಪು ಹಿಡಿಯುವುದಕ್ಕೆ ಎಡಗೈ ಸಾಕಿತ್ತು. ಶಿಲುಬೆಗೆ ಸಾಲದು. ಹಲಸಿನ ಮರದ ಶಿಲುಬೆ ಅದು, ಒಬ್ಬ ಗಟ್ಟಿ ಗಂಡಸೂ ಏರಿನಲ್ಲಿ ಏದುಸಿರು ಬಿಡಬೇಕು.

ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಕಳೆದ ಭಾನುವಾರ ಪೂಜೆ ಮುಗಿದಮೇಲೆ ಗುಡಿಯ ಜಗಲಿಯಲ್ಲಿ ಪಾರ್ಟು ಹಂಚಲು ಊರವರು ಕೂತರು. ದೊಡ್ಡಪ್ಪ ಮಾತು ಶುರುಮಾಡಿದರು. “ತಮ್ಮಂಗೆ ಆಗಾಕಿಲ್ಲ. ಪಾಪ, ಹೊಲಾನೂ ಇಲ್ಲ. ನನ್ ಮಗ ಹೊತ್ಕೊಂಡು ಹೋಯ್ತಾನೆ ಬುಡಿ.” ಎಲ್ಲರೂ ತಲೆಯಾಡಿಸಿದರು. ನಮ್ಮೂರ ಪದ್ಧತಿ ಏನೆಂದರೆ ಪಾರ್ಟು ಒಮ್ಮೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದರೆ ಮತ್ತೆ ಹಿಂದಕ್ಕೆ ಬರುವುದಿಲ್ಲ. ನಾನೂ ತಂಗಿಯೂ ಹೆಂಗಸರ ಸಾಲಿನಲ್ಲಿ ಕೂತಿದ್ದೆವು. ಹೊಲ ಹೋದಾಗ ಅಳದಿದ್ದವಳು ಆಗ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅದೊಂದು ಮೂಕ ಪಾರ್ಟು, ಹೋದರೆ ಹೋಗಲಿ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ನಮ್ಮ ಮನೆಯ ಹೆಸರೇ ಎದ್ದು ಬೇರೆಯವರ ಮನೆಗೆ ಹೊರಟ ಹಾಗಿತ್ತು.

ಅಪ್ಪ ಎಡಗೈ ಊರಿ ಎದ್ದ. “ನನ್ ಮಕ್ಳು ಹೊರ್ತವೆ” ಅಂದ.

ನಮಗೂ ಹೇಳಿರಲಿಲ್ಲ. ತಂಗಿ ನನ್ನ ತೊಡೆ ಚಿವುಟಿದಳು. ಜಗಲಿಯ ತುಂಬ ಗಲಾಟೆ. “ಹೆಣ್ಣೈಕ್ಳು ಶಿಲುಬೆ ಹೊರೋದಾ?” “ಒಂದು ಪಾರ್ಟ್ಗೆ ಇಬ್ರಾ?” “ನಾಳೆ ಯೇಸುಸ್ವಾಮಿ ಪಾರ್ಟೂ ಕೇಳ್ತವೆ!” ಗುರುಗಳು ಆಗಷ್ಟೇ ಬಂದ ಹೊಸಬರು. ಇದು ನಿಮ್ಮ ಊರಿನ ಕಟ್ಟಳೆ, ನೀವೇ ತೀರ್ಮಾನ ಮಾಡಿ ಎಂದು ಜಾಣತನದಿಂದ ಕಾಫಿ ಲೋಟದ ಹಿಂದೆ ಅವಿತುಕೊಂಡರು.

“ಈ ಪಾರ್ಟು ನಮ್ಮನೆಗೆ ಹೆಂಗ್ ಬಂತು, ಹೇಳಣ್ಣಯ್ಯ” ಎಂದು ಅಪ್ಪ ಕೇಳಿದ. “ನಮ್ ತಾತ ಎಲ್ಲಿಯೋನು? ಸೋಲೂರ್ನೋನು. ಈ ಊರ ಹೆಣ್ಮಗಳ ಕೈ ಹಿಡ್ಕೊಂಡು ಬಂದ. ಮನೆ ಅವಳ್ದು, ಹೊಲ ಅವಳ್ದು. ಅವಳ ಹೊಲದಿಂದ ಬಂದಿದ್ಕೆ ತಾನೆ ಅವನು ಹೊಲದಿಂದ ಬಂದೋನಾಗಿದ್ದು?”

ನನ್ನ ಪಕ್ಕದ ಮುದುಕಿಯೊಬ್ಬಳು “ಹಂಗ್ ಹೇಳು ಮತ್ತೆ” ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಕೊನೆಗೆ ದೊಡ್ಡಪ್ಪ ಒಂದು ಮಧ್ಯದ ದಾರಿ ತೆಗೆದರು. ಹುಡುಗಿಯರು ಬೀದಿಯ ಕೊನೆಯವರೆಗೆ ಹೊರಲಿ, ಅಲ್ಲಿ ತಮ್ಮ ಮಗ ನಿಂತಿರುತ್ತಾನೆ. ಇಳಿಸಿಕೊಟ್ಟರೆ ಪಾರ್ಟು ಅವನದು. ಇಳಿಸದೆ ನೆತ್ತಿ ಮುಟ್ಟಿಸಿದರೆ ನಮ್ಮ ಮನೆಯಲ್ಲೇ ಉಳಿಯಲಿ. “ಇವ್ರ ಮುತ್ತಾತ ಅರ್ಧಕ್ಕೆ ಇಳಿಸ್ನಿಲ್ವಲ್ಲ, ಅದೇ ಲೆಕ್ಕ” ಎಂದರು. ಹೇಳುವಾಗ ಅವರ ಮುಖದಲ್ಲಿ ನಾವು ಇಳಿಸಿಯೇ ಇಳಿಸುತ್ತೇವೆ ಎಂಬ ನಂಬಿಕೆ ಎದ್ದು ಕಾಣುತ್ತಿತ್ತು. ನನಗೆ ಮೊದಲಿಂದಲೂ ಹಟ ಜಾಸ್ತಿ. ಆ ಮುಖ ನೋಡಿ ಇನ್ನೂ ಜಾಸ್ತಿಯಾಯಿತು.

ಶುಭ ಶುಕ್ರವಾರದವರೆಗಿನ ತಪಸ್ಸು ಕಾಲವಿಡೀ ಅಪ್ಪ ನಮಗೆ ಅಭ್ಯಾಸ ಮಾಡಿಸಿದ. ಆಟದ ದಿನ ಬಿಟ್ಟು ಶಿಲುಬೆಯನ್ನು ಗುಡಿಯಿಂದ ಹೊರಗೆ ತರುವಂತಿಲ್ಲ, ಅದಕ್ಕೆ ನಮ್ಮ ಹಳೆ ಮನೆಯ ತೊಲೆಯೊಂದನ್ನು ಹಿತ್ತಲಿನಿಂದ ಎಳೆದು ತಂದ. ಕಂಪನಿಯಿಂದ ಬಂದು ಟಿಫನ್ ಬಾಕ್ಸ್ ಇಟ್ಟವಳೇ ನಾನು ಹೆಗಲು ಕೊಡಬೇಕು. ಮೊದಲ ದಿನ ಏರಿನ ಬುಡದಲ್ಲೇ ಇಬ್ಬರೂ ತೊಲೆಯ ಜೊತೆ ಕೂತೆವು. ತಂಗಿ ನನ್ನ ಮೇಲೆ, ನಾನು ಅವಳ ಮೇಲೆ ತಪ್ಪು ಹೊರಿಸಿದೆವು. ಅಪ್ಪ ಬಂದು ಹೇಳಿದ್ದು ಹಳೆಯ ಮಾತೇ. “ಎತ್ತರದೋಳು ಹಿಂದೆ. ಮುಂದಿರೋಳು ದಾರಿ ನೋಡು. ಸೊಪ್ಪಿನ ಹೊರೆ ಮರ್ತೋಯ್ತಾ?” ಮರೆತಿರಲಿಲ್ಲ. ಮೈಗೆ ನೆನಪಿತ್ತು, ನಮಗೇ ಗೊತ್ತಿರಲಿಲ್ಲ. ಬರಬರುತ್ತಾ ತೊಲೆ ನಮ್ಮ ಮಾತು ಕೇಳಿತು. ದಿನಾ ಮುಗಿದಮೇಲೆ ಅವ್ವ ಹರಳೆಣ್ಣೆ ಬಿಸಿ ಮಾಡಿ ಹೆಗಲಿಗೆ ತಿಕ್ಕುವಳು. “ಮದುವೆ ಆಗೋ ಹೆಣ್ಣುಗಳ ಹೆಗಲು ನೋಡು, ಎತ್ತಿನ್ ಹೆಗಲು” ಎಂದು ಅಪ್ಪನನ್ನು ಬೈಯುತ್ತಲೇ ತಿಕ್ಕುವಳು.

ಶುಭ ಶುಕ್ರವಾರ ಫ್ಯಾಕ್ಟರಿಗೆ ರಜೆ. ಗಿಡಗಳಿಗೆ ರಜೆ ಇಲ್ಲವಲ್ಲ. ಅಪ್ಪ ಗೇಟಿನ ಸೆಕ್ಯೂರಿಟಿಯವನಿಗೆ ಮೊದಲೇ ಹೇಳಿ ನಮ್ಮಿಬ್ಬರನ್ನು ಒಳಗೆ ಕರೆದುಕೊಂಡು ಹೋದ. ನಮ್ಮ ಹೊಲ ಹೋದಮೇಲೆ ನಾನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಬಾವಿ ಇದ್ದ ಕಡೆ ಪಾರ್ಕಿಂಗು. ಹುಳು ಮನೆ ಇದ್ದ ಕಡೆ ಜನರೇಟರು. ಆದರೆ ಮೂಲೆಯಲ್ಲಿದ್ದ ಹೊಂಗೆ ಮರವನ್ನು ಯಾಕೋ ಕಡಿದಿರಲಿಲ್ಲ, ಅದರ ಕೆಳಗೇ ನಾವು ಹೊರೆ ಇಳಿಸಿ ಬುತ್ತಿ ತಿನ್ನುತ್ತಿದ್ದದ್ದು. “ಚಪ್ಪಲಿ ಬುಡಿ” ಅಂದ ಅಪ್ಪ. ಬಿಟ್ಟೆವು. ಪೈಪು ಹಿಡಿದು ನೀರು ಬಿಟ್ಟೆವು. ಹುಲ್ಲಿನ ಕೆಳಗಿನ ಮಣ್ಣು ಅದೇ ಕೆಂಪು ಮಣ್ಣು, ಬೆರಳ ಸಂದಿಯಲ್ಲಿ ಅದೇ ರೀತಿ ನುಗ್ಗಿತು. ತಂಗಿ ಕೆಳಗೆ ನೋಡುತ್ತಾ, “ಅಕ್ಕಾ, ನಮ್ಮುದು ಕಣೆ” ಎಂದಳು. ಅವಳ ದನಿ ಒಡೆದಿತ್ತು. ನಾನು ಪೈಪನ್ನು ಅವಳ ಕಾಲಿನ ಕಡೆ ತಿರುಗಿಸಿದೆ.

ಅಪ್ಪ ಹೊಂಗೆ ಮರದ ಕೆಳಗೆ ನಮ್ಮನ್ನು ನಿಲ್ಲಿಸಿದ. ಜಪ ಮಾಡಿದ, ನಾವು ಹಿಂದಿನಿಂದ ಹೇಳಿದೆವು. “ಸ್ತೋತ್ರಪ್ಪ” ಎಂದೆವು. ಬಲಗೈ ಏಳುವುದಿಲ್ಲ, ಎಡಗೈ ಹೆಬ್ಬೆರಳಿನಿಂದ ಇಬ್ಬರ ಹಣೆಗೂ ಗುರುತು ಹಾಕಿದ. ತನ್ನ ಟವಲನ್ನು ಎರಡು ಸಿಂಬೆ ಮಾಡಿಕೊಳ್ಳಲು ಹರಿದು ಕೊಟ್ಟ. ಇನ್ನೊಂದನ್ನು ತಂಗಿಯ ಸೊಂಟಕ್ಕೆ ಸುತ್ತಿದ. ಅದರ ತುದಿ ಹಿಡಿಯಲು ಮಕ್ಕಳೆಲ್ಲಿ ಎಂದು ನಾನು ಕೇಳಿದೆ. “ನಡಿ ನಡಿ, ಹೊತ್ತಾಯ್ತದೆ” ಎಂದ.

ಬಯಲಿನಲ್ಲಿ ಜನವೋ ಜನ. ಕನಕಪುರದ ಕಡೆಯಿಂದ, ಮಾಗಡಿ ಕಡೆಯಿಂದ ನೆಂಟರು ಬಂದಿದ್ದರು. ಫ್ಯಾಕ್ಟರಿ ಕೆಲಸಕ್ಕೆ ಬಂದು ಊರಲ್ಲಿ ಬಾಡಿಗೆಗಿದ್ದ ಹುಡುಗರು ಮೊಬೈಲು ಹಿಡಿದು ಗೋಡೆ ಹತ್ತಿದ್ದರು. ಯೇಸುಸ್ವಾಮಿಯಾಗಿದ್ದವರು ಬಿದ್ದರು. ಸೈನಿಕರು ಚಾಟಿ ಬೀಸಿದರು. ದೊಡ್ಡಪ್ಪ ಮೈಕಿನಲ್ಲಿ ತಮ್ಮ ಅಪ್ಪನಿಂದ ಕಲಿತ ಸಾಲನ್ನು ಅವರ ದನಿಯಲ್ಲೇ ಓದಿದರು. “ಅಗೋ, ಹೊಲದಿಂದ ಬರುತ್ತಿದ್ದಾನೆ ಒಬ್ಬನು. ಹಿಡಿಯಿರಿ ಅವನನ್ನು. ಹೊರಿಸಿರಿ ಅವನ ಮೇಲೆ.”

ಬಂದವರು ನಾವಿಬ್ಬರು, ಸೀರೆ ಎತ್ತಿ ಕಟ್ಟಿ, ಮೊಣಕಾಲವರೆಗೂ ಕೆಸರು. ಗೋಡೆಯ ಮೇಲಿದ್ದ ಹುಡುಗರು ಕಿಸಕ್ಕನೆ ನಕ್ಕರು. ‘ಒಬ್ಬನು’ ಎಂದು ದೊಡ್ಡಪ್ಪ ಒತ್ತಿ ಹೇಳಿದ್ದು ನನಗೆ ಚುರುಕ್ಕೆಂದಿತು. ಸೈನಿಕರಾಗಿದ್ದ ಊರ ಹುಡುಗರಿಗೆ ನಮ್ಮನ್ನು ಹೇಗೆ ಹಿಡಿಯುವುದೆಂದು ತಿಳಿಯಲಿಲ್ಲ, ಕೈ ಮುಂದೆ ಮಾಡಿ ಹಿಂದೆ ತೆಗೆದರು. ಕೊನೆಗೆ ನಾವೇ ಹೋಗಿ ಹೆಗಲು ಕೊಟ್ಟೆವು. ಮುತ್ತಾತನೂ ಹಾಗೇ ಮಾಡಿದ್ದನಲ್ಲ.

ಹಲಸಿನ ಮರ ತೊಲೆಗಿಂತ ಭಾರ. ಬೀದಿಯ ಮೊದಲ ತಿರುವಿನಲ್ಲೇ ನನ್ನ ಕಣ್ಣಿಗೆ ಕತ್ತಲೆ ಬಂತು. ದಾರಿ ನೋಡು ಎಂದು ನನಗೇ ನಾನು ಹೇಳಿಕೊಂಡೆ. ಹೆಂಗಸರು ಬಾಗಿಲುಗಳಿಂದ ಇಳಿದು ಬಂದರು. ಯಾರೋ ನಮ್ಮ ಕಾಲಿಗೆ ತಂಬಿಗೆ ನೀರು ಸುರಿದರು, ಟಾರು ಸುಡುತ್ತಿತ್ತು. ಬೀದಿಯ ಕೊನೆಯಲ್ಲಿ ದೊಡ್ಡಪ್ಪನ ಮಗ ಬಿಳಿ ಶರ್ಟು ಬಿಚ್ಚಿ, ಬನಿಯನ್ನಿನಲ್ಲಿ, ಹೆಗಲಿಗೆ ಟವಲು ಹಾಕಿ ತಯಾರಾಗಿ ನಿಂತಿದ್ದ. ಮುಂದೆ ಏರು. ಸೈನಿಕರು ನಿಂತರು, ಹಾಡು ನಿಂತಿತು.

“ಕೊಡ್ರವ್ವ, ಸಾಕು” ಎಂದ ಅವನು. ಒಳ್ಳೆಯ ಮನಸ್ಸಿನಿಂದಲೇ ಎಂದ. ಸುಳ್ಳು ಹೇಳುವುದಿಲ್ಲ, ಅರೆಕ್ಷಣ ಕೊಟ್ಟುಬಿಡೋಣ ಅನ್ನಿಸಿತು. ಆಗ ಹಿಂದಿನಿಂದ ನನ್ನ ತಂಗಿ, ಎಂದೂ ನಾಲ್ಕು ಜನರ ಮುಂದೆ ಬಾಯಿ ಬಿಡದವಳು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು.

“ಹೊತ್ತಿದ್ದನ್ನ ಅರ್ಧಕ್ಕೆ ಇಳಿಸೋದುಂಟಾ?”

ಮೂಕ ಪಾರ್ಟಿಗೆ ಬಾಯಿ ಬಂತು! ಆಮೇಲೆ ಹೆಂಗಸರ ಕಡೆಯಿಂದ ಹಾಡು ಎದ್ದಿತು, ಗಂಡಸರು ಸೇರಿಕೊಂಡರು. ದೊಡ್ಡಪ್ಪನ ಮಗ ನಕ್ಕು, ಟವಲು ತೆಗೆದು ನಮಗೆ ಗಾಳಿ ಬೀಸುತ್ತಾ ಪಕ್ಕಕ್ಕೆ ಸರಿದ. ನಾವು ಏರಿಗೆ ಕಾಲಿಟ್ಟೆವು. ಭಾರವೆಲ್ಲ ತಂಗಿಯ ಮೇಲೆ ಜಾರಿದ್ದು ಮರದಲ್ಲೇ ನನಗೆ ಗೊತ್ತಾಯಿತು. ನಾನು ದಾರಿ ನೋಡಿದೆ, ಅವಳು ಭಾರ ನೋಡಿದಳು. ಬಲಗಾಲಿಗೆ ಬಲಗಾಲು, ಎಡಗಾಲಿಗೆ ಎಡಗಾಲು. ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡೆವು, ಇಳಿಸಲಿಲ್ಲ. ಆಗ ನಾನು ತಿರುಗಿ ನೋಡಿದೆ.

ತಂಗಿಯ ಸೊಂಟದ ಟವಲಿನ ತುದಿ ಹಿಡಿದುಕೊಂಡು ಅಪ್ಪ ಬರುತ್ತಿದ್ದ. ನಾವು ನಡೆಯುತ್ತಿದ್ದ ಜಾಗದಲ್ಲಿ ಅವನು. ಬರಿಗಾಲು, ಬಲಗೈ ಎದೆಗೆ ಒತ್ತಿಕೊಂಡು, ಕಣ್ಣಲ್ಲಿ ಧಾರಾಕಾರ ನೀರು, ಮುಖದ ತುಂಬ ನಗು. ನನ್ನಪ್ಪ ಅಷ್ಟು ಚೆನ್ನಾಗಿ ಕಂಡದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ರಾಗಿ ವಾಡೆಯಲ್ಲಿ ಹುಡುಕಿದ್ದು ಕೈಗೆ ಸಿಕ್ಕಿತ್ತು. ನಾನು ತಿರುಗಿ ಮತ್ತೆ ದಾರಿ ನೋಡಿದೆ.

ಬಂಡೆಯ ನೆತ್ತಿಯಲ್ಲಿ ಶಿಲುಬೆ ಇಳಿಸಿದೆವು. ಅಲ್ಲಿಗೆ ನಮ್ಮ ಪಾರ್ಟು ಮುಗಿಯುತ್ತದೆ. ಮುತ್ತಾತನ ಕಾಲದ ನಂತರ ಸೇರಿಸಿದ ಒಂದು ಸಾಲನ್ನು ಕಥೆ ಓದುವವರು ಅಲ್ಲಿ ಓದಬೇಕು. ದೊಡ್ಡಪ್ಪ ಮೈಕು ಎತ್ತಿದರು. ಬೆವರು ಒರೆಸಿಕೊಂಡರು. “ಹೊಲದಿಂದ” ಎಂದರು. ನಿಲ್ಲಿಸಿದರು. ಆ ಸಾಲು ಅವರಿಗೆ ಬಾಯಿಪಾಠ, ನಮಗೂ ಬಾಯಿಪಾಠ. ಹೊಲದಿಂದ ಬಂದವನು ಕೊನೆಯವರೆಗೂ ಹೊತ್ತನು. ಅವರು ನಮ್ಮ ಕೆಸರು ಕಾಲುಗಳನ್ನೇ ನೋಡುತ್ತಿದ್ದರು. ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲಿಂದ ಓದಿದರು.

“ಹೊಲದಿಂದ ಬಂದವರು ಕೊನೆಯವರೆಗೂ ಹೊತ್ತರು.”

ಬಂದವರು ಎಂದರೆ ಇಬ್ಬರು ಎಂದೂ ಆಯಿತು, ಮರ್ಯಾದೆಯೂ ಆಯಿತು. ಅದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಆವತ್ತಿನಿಂದ ಇವತ್ತಿನವರೆಗೂ ಆ ಸಾಲನ್ನು ಹಾಗೇ ಓದುತ್ತಾರೆ.

ಆಟ ಮುಗಿದು ಜನ ಇಳಿಯುತ್ತಿದ್ದರು. ನಾವು ಬಂಡೆಯ ನೆರಳಿನಲ್ಲಿ ಕೂತು ನೀರುಮಜ್ಜಿಗೆ ಕುಡಿಯುತ್ತಿದ್ದೆವು, ಅವ್ವ ನಮ್ಮ ಹೆಗಲು ನೋಡಿ ನೋಡಿ ಬೈಯುತ್ತಿದ್ದಳು. ಅಪ್ಪ ಸ್ವಲ್ಪ ದೂರದಲ್ಲಿ ಒಬ್ಬನೇ ನಿಂತು ಟವಲು ಮಡಿಸುತ್ತಿದ್ದ, ಒಂದು ಕೈಯಲ್ಲಿ ಸರಿಯಾಗಿ ಬರುತ್ತಿರಲಿಲ್ಲ. ಗೋಡೆಯ ಮೇಲೆ ನಕ್ಕಿದ್ದ ಫ್ಯಾಕ್ಟರಿ ಹುಡುಗರಲ್ಲೊಬ್ಬ ದೊಡ್ಡಪ್ಪನ ಹತ್ತಿರ ಬಂದು ಅಪ್ಪನನ್ನು ತೋರಿಸಿ ಕೇಳಿದ. “ಸಾರ್, ಹಿಂದೆ ಟವಲು ಹಿಡ್ಕೊಂಡು ಬಂದ್ರಲ್ಲ, ಅವ್ರು ಯಾರು?”

ದೊಡ್ಡಪ್ಪ ಏನು ಬೇಕಾದರೂ ಹೇಳಬಹುದಿತ್ತು. ನನ್ನ ತಮ್ಮ ಎನ್ನಬಹುದಿತ್ತು. ಹೊಲ ಕಳಕೊಂಡವನು, ನಿಮ್ಮ ಫ್ಯಾಕ್ಟರಿಯ ಮಾಲಿ ಎನ್ನಬಹುದಿತ್ತು. ಅವರು ನಮ್ಮ ಕಡೆ ಒಮ್ಮೆ ನೋಡಿದರು, ಅಪ್ಪನ ಕಡೆ ಒಮ್ಮೆ ನೋಡಿದರು.

“ಅವರಾ?” ಎಂದರು. “ಅವ್ರು ಇವರಿಬ್ಬರ ಅಪ್ಪ ಕಣಪ್ಪ.”